ಬುತ್ತಿ ಬಿಚ್ಚದ ಬಿಂಕ

ಸೈಕಲ್ಲೇರಿ ಮೈಸೂರಿಗೆ ಹೊರಟಾಗ ತಾಯಿಯವರು ಕಟ್ಟಿಕೊಟ್ಟ ಹುಳಿಯವಲಕ್ಕಿಯ ಬುತ್ತಿಯನ್ನು ಮನಸ್ಸಿಲ್ಲದೆಯೇ ಚೀಲಕ್ಕೆ ಸೇರಿಸಿದೆನು. ಜೊತೆಗೆ ಬಂದವನು ನನ್ನದೇ ತರಗತಿಯ ವಿದ್ಯಾರ್ಥಿ. ಅವನೆದುರು ಗಂಟೆಗೊಮ್ಮೆ ಡಬ್ಬಿ ತೆರೆದು ಕೂರುವುದು ಅಧ್ಯಾಪಕನಿಗೆ ಶೋಭೆಯೇ?

ಬೆಂಗಳೂರಿನಿಂದ ಮೈಸೂರಿಗೆ ಸುಮಾರು 145 ಕಿಲೋಮೀಟರು. ರಾಮನಗರದ ಬಂಡೆಗಳನ್ನು ದಾಟಿದಾಗಲೂ ನಾನೇ ಮುಂದೆ. ಹುಡುಗ ನನ್ನ ವೇಗಕ್ಕೆ ಸೋತನೆಂದು ಒಳಗೊಳಗೇ ಬೀಗಿದೆನು. ಚನ್ನಪಟ್ಟಣದ ಗೊಂಬೆಯಂಗಡಿಗಳಾಗಲಿ, ಮದ್ದೂರಿನ ವಡೆಯಾಗಲಿ (ಅಪಚಾರವೇ ಸರಿ!) ನನ್ನನ್ನು ತಡೆಯಲಿಲ್ಲ. ಮಂಡ್ಯ ಇನ್ನೂ ದೂರವಿರುವಾಗಲೇ ಕಾಲು ಸೀಸದಂತಾಯಿತು, ಕೈ ನಡುಗಿತು, ಇಕ್ಕೆಲದ ಕಬ್ಬಿನ ಗದ್ದೆಗಳು ಗಿರ್ರನೆ ತಿರುಗಿದವು.

ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ದೇಹವು ಕೂಡಿಟ್ಟ ಸಕ್ಕರೆಯು ಭರದ ತುಳಿತಕ್ಕೆ ಎರಡು ಮೂರು ಗಂಟೆಗಳಲ್ಲಿ ಬರಿದಾಗುತ್ತದೆ. ಹಸಿವು ತಿಳಿಯುವ ವೇಳೆಗೆ ಹೊತ್ತು ಮೀರಿರುತ್ತದೆ. ಮಾತನಾಡುತ್ತ ತುಳಿಯಬಲ್ಲಷ್ಟೇ ವೇಗ, ಅರ್ಧ ಗಂಟೆಗೊಮ್ಮೆ ಎರಡು ತುತ್ತು, ನಡುನಡುವೆ ಗುಟುಕು ನೀರು, ಇಷ್ಟಿದ್ದರೆ ಸಾಕಿತ್ತು. ಇದನ್ನೆಲ್ಲ ನಾನು ಓದಿಯೂ ಇದ್ದೆನು!

ಹುಣಿಸೆಯ ಮರದಡಿ ಕುಸಿದ ನನ್ನ ಮುಂದೆ ಶಿಷ್ಯನೇ ಬುತ್ತಿ ಬಿಚ್ಚಿಟ್ಟನು. ತಾನು ಮಾತ್ರ ದಾರಿಯುದ್ದಕ್ಕೂ ಕಡಲೆ ಬೆಲ್ಲ ಮೆಲ್ಲುತ್ತ ಬಂದಿದ್ದನಂತೆ.

“ನಿಮ್ಮೆದುರು ತಿನ್ನಲು ಸಂಕೋಚವಾಯಿತು ಸಾರ್, ಅದಕ್ಕೇ ಹಿಂದೆ ಉಳಿದೆ” ಎಂದನು.

ಅಲ್ಲಿಂದ ಮೈಸೂರಿನವರೆಗೆ ಅವನೇ ಮುಂದೆ.