ನೋಂಬಿನ ಪುಸ್ತಕ

ವಯನಾಡಿನ ಕನ್ನಡ ಜೈನರ ಚರಿತ್ರೆಯನ್ನು ದಾಖಲಿಸಲು ತೊಡಗಿದಾಗ ನನ್ನ ದೃಷ್ಟಿ ಕಲ್ಲಿನ ಮೇಲೆಯೇ ನೆಟ್ಟಿತ್ತು. ಸುಲ್ತಾನ್ ಬತ್ತೇರಿಯಲ್ಲಿ ವಿಜಯನಗರ ಶೈಲಿಯ ಶಿಲಾಬಸದಿಯಿದೆ. ಟಿಪ್ಪುವಿನ ಸೈನ್ಯ ಅದನ್ನು ಮದ್ದುಗುಂಡಿನ ಉಗ್ರಾಣವಾಗಿ ಬಳಸಿದ್ದರಿಂದ ಊರಿಗೆ ಈಗಿನ ಹೆಸರು ಬಂದಿತು. ಅದಕ್ಕೂ ಮೊದಲು ಆ ಊರಿಗೆ ಗಣಪತಿವಟ್ಟವೆಂಬ ಹೆಸರಿತ್ತು. ಜೈನರ ನೆಲೆಯಾಗಿ ‘ಹನ್ನೆರಡು ಬೀದಿ’ಯೆಂದೂ ಕರೆಯುತ್ತಿದ್ದರು. ಕಲ್ಪೆಟ್ಟದ ಸಮೀಪದ ಪುಳಿಯಾರ್‌ಮಲೆಯಲ್ಲಿ ಅನಂತನಾಥಸ್ವಾಮಿ ಬಸದಿಯಿದೆ. ಇಷ್ಟನ್ನು ಬರೆದರೆ ಕೆಲಸ ಮುಗಿಯಿತೆಂದು ಭಾವಿಸಿದ್ದೆ.

ಆ ಭಾವನೆಯನ್ನು ತಿದ್ದಿದವರು ರಾಜಾಜಿನಗರದ ಮಗನ ಮನೆಗೆ ಬಂದಿದ್ದ ವಯನಾಡಿನ ಒಬ್ಬ ಅಜ್ಜಿ. ಅವರು ಪೆಟ್ಟಿಗೆಯಿಂದ ತೆಗೆದುಕೊಟ್ಟ ಹಳೆಯ ನೋಟುಪುಸ್ತಕದ ತುಂಬ ಮಲಯಾಳ ಅಕ್ಷರಗಳಿದ್ದವು. ನನಗೆ ಓದಲಾಗದೆಂದು ಹಿಂದಿರುಗಿಸಹೋದೆ. “ಅಕ್ಷರ ಮಾತ್ರ ಶಾಲೇದು, ಕತೆ ನಮ್ಮ ಮಾತೇ” ಎಂದು ಅವರೇ ಓದತೊಡಗಿದರು. ಕೇಳಿದರೆ ಕನ್ನಡ! ಅನಂತನ ನೋಂಪಿಯ ಕಥೆ.

1956ರಲ್ಲಿ ವಯನಾಡು ಕೇರಳಕ್ಕೆ ಸೇರಿತು. 1980ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿದ ಜೈನರ ಮನೆಮಾತು ಕನ್ನಡ, ಓದುಬರಹ ಮಲಯಾಳ. ಈ ಸಮುದಾಯದಲ್ಲಿ ಹುಟ್ಟಿದ ಎಂ. ಪಿ. ವೀರೇಂದ್ರ ಕುಮಾರ್ ಅವರಿಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದುದು ‘ಹೈಮವತಭೂವಿಲ್’ ಎಂಬ ಮಲಯಾಳ ಪ್ರವಾಸಕಥನಕ್ಕೆ. ಬರೆಯುವವರು ಇದ್ದರು; ಬರಹದ ನುಡಿ ಮಾತ್ರ ಬೇರೆಯಾಗಿತ್ತು.

ಹಾಗಾದರೆ ಅಜ್ಜಿಯ ಪುಸ್ತಕ ಯಾವ ಭಾಷೆಯ ಕಪಾಟಿಗೆ ಸೇರಬೇಕು? ಕನ್ನಡದ ಸಂಶೋಧಕನಿಗೆ ಲಿಪಿ ತಿಳಿಯದು. ಮಲಯಾಳದ ಓದುಗನಿಗೆ ಅರ್ಥ ತಿಳಿಯದು. ಬೆಂಗಳೂರಿನಲ್ಲಿ ಬೆಳೆದ ಮೊಮ್ಮಗಳು ಕೇಳಿದರೆ ಬಲ್ಲಳು, ಪುಟ ತೆರೆದರೆ ಅರಿಯಳು. ಓದಿ ಹೇಳುವ ಒಂದು ಕಂಠ ನಿಂತರೆ ಪುಸ್ತಕವೂ ಮೂಕವಾಗುತ್ತದೆ.

ಜೈನ ಪರಂಪರೆಗೆ ಈ ಸ್ಥಿತಿ ಹೊಸದಲ್ಲ. ಪ್ರಾಕೃತದ ಷಟ್ಖಂಡಾಗಮವೂ ಅದರ ಧವಲಾ ಟೀಕೆಯೂ ಉಳಿದುಬಂದದ್ದು ಮೂಡಬಿದಿರೆಯ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದುದು 1939ರಲ್ಲಿ. ಒಂದು ನುಡಿಯ ನಿಧಿಯನ್ನು ಮತ್ತೊಂದು ನುಡಿಯ ಅಕ್ಷರ ಕಾಯ್ದಿತ್ತು. ಅದನ್ನು ತರಗತಿಗಳಲ್ಲಿ ಅಭಿಮಾನದಿಂದ ಹೇಳುತ್ತಿದ್ದ ನಾನೇ, ಮಲಯಾಳ ಅಕ್ಷರ ಕಂಡೊಡನೆ ಪುಸ್ತಕ ಮುಚ್ಚಲು ಹೊರಟಿದ್ದೆ.

ನಾಲ್ಕು ಮಧ್ಯಾಹ್ನ ಅವರು ಓದಿದರು, ನಾನು ಬರೆದುಕೊಂಡೆ. ಕೊನೆಯ ದಿನ ನನ್ನ ಪ್ರತಿಯನ್ನು ಓದಿ ಹೇಳಿದಾಗ ಮೊದಲ ಸಾಲಿನಲ್ಲೇ ತಡೆದರು. “ನೋಂಪಿ ಅಲ್ಲ, ನೋಂಬು. ನೀವು ಬರೆದದ್ದು ನಿಮ್ಮ ಪುಸ್ತಕದ ಮಾತು.” ಗ್ರಂಥಗಳಲ್ಲಿ ಕಂಡ ರೂಪವನ್ನು ಅರಿವಿಲ್ಲದೆಯೇ ಅವರ ಬಾಯಿಗೆ ತುರುಕಿದ್ದೆ. ಅಂತಹ ತಿದ್ದುಪಡಿಗಳು ಇನ್ನೆಷ್ಟಿವೆಯೋ ಎಂದು ಅಂಜಿ, ಧ್ವನಿಮುದ್ರಿಕೆಯನ್ನು ಮತ್ತೆ ಮೊದಲಿನಿಂದ ಕೇಳಿದೆ. ಮೂವತ್ತೊಂದು ಸಿಕ್ಕಿದವು. ಎಲ್ಲವನ್ನೂ ಹೊಡೆದುಹಾಕಿ ಅವರ ಮಾತನ್ನೇ ಇಟ್ಟಿದ್ದೇನೆ. ಪ್ರತಿಯ ಮೇಲೆ ‘ನೋಂಬಿನ ಪುಸ್ತಕ’ವೆಂದೇ ಬರೆದಿದ್ದೇನೆ.