ಬಳ್ಳಾರಿ ರಸ್ತೆಯಲ್ಲಿ ಎರಡು ಬಗೆಯ ಕುರಿಗಾಹಿಗಳು

ಮೇಖ್ರಿ ವೃತ್ತ ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ ಬಲಕ್ಕೆ ಆರ್.ಟಿ. ನಗರ, ಮುಂದೆ ಹೆಬ್ಬಾಳ. 2003ರಲ್ಲಿ ಮೇಲ್ಸೇತುವೆ ಬಂತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾಯಿತು. ಆಮೇಲೆ ಇಲ್ಲಿ ಇಳಿದು ಊರು ನೋಡುವವರು ಕಡಿಮೆ, ಗಡಿಯಾರ ನೋಡಿಕೊಂಡು ಸಾಗುವವರೇ ಹೆಚ್ಚು. ಆದರೆ ಹೆಬ್ಬಾಳ ನಿನ್ನೆ ಮೊನ್ನೆಯ ಊರಲ್ಲ. 2018ರಲ್ಲಿ ಇಲ್ಲಿ ಬೆಳಕಿಗೆ ಬಂದ ವೀರಗಲ್ಲೊಂದು ಸುಮಾರು ಕ್ರಿ.ಶ. 750ರ ಕಾಲದ್ದು. ಗಂಗರ ಶ್ರೀಪುರುಷನ ಆಳ್ವಿಕೆಯಲ್ಲಿ ದಾಳಿಯನ್ನು ಎದುರಿಸಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ. ಊರು ಕಾಯಲು ಹೋದವನ ನೆನಪು ಕಲ್ಲಾಗಿ ಉಳಿಯಿತು.

ಕಾಯುವ ಕೆಲಸ ಇದೇ ರಸ್ತೆಯಲ್ಲಿ ಇಂದಿಗೂ ಬೇರೆ ರೂಪದಲ್ಲಿ ನಡೆದಿದೆ. ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿದೆ. ಕುರಿ, ದನ, ಕೋಳಿಗಳ ಕಾಯಿಲೆಗೆ ಮದ್ದು ಹುಡುಕುವ ಪಾಠ ಅಲ್ಲಿ. ಅಲ್ಲಿಂದ ಅನತಿ ದೂರದಲ್ಲಿ 1973ರಲ್ಲಿ ಬಾಗಿಲು ತೆರೆದ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆಯಿದೆ. 1989ರಲ್ಲಿ ಅದರ ಆಡಳಿತದ ಹೊಣೆಯನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ವಹಿಸಿಕೊಂಡಿತು. ಇಂಥ ಆಸ್ಪತ್ರೆಗಳ ವಾರ್ಡುಗಳಲ್ಲಿ ವೈದ್ಯರು, ದಾದಿಯರ ಜೊತೆಗೆ ಇನ್ನೊಬ್ಬರೂ ಓಡಾಡುತ್ತಾರೆ. ಅವರ ಕೈಯಲ್ಲಿ ಸ್ಟೆತಾಸ್ಕೋಪ್ ಇಲ್ಲ, ಔಷಧಿಯೂ ಇಲ್ಲ. ಅವರು ಪಾಸ್ಟರ್.

ಪಾಸ್ಟರ್ ಎಂಬುದು ಲ್ಯಾಟಿನ್ ಮಾತು; ಅದರ ಅರ್ಥ ಕುರಿ ಕಾಯುವವನು ಎಂದೇ. ಕನ್ನಡದ ಕ್ರೈಸ್ತರು ಇದನ್ನು ಸಭಾಪಾಲಕ ಎಂದು ಕರೆದುಕೊಂಡರು. ಹಾಗಾದರೆ ಒಳ್ಳೆಯ ಸಭಾಪಾಲಕನಿಗೆ ಇರಬೇಕಾದ ಗುಣಗಳೇನು? ಭಾನುವಾರದ ಪ್ರಸಂಗ ಚೆನ್ನಾಗಿದ್ದರೆ ಸಾಕೆ?

ಈ ಪ್ರಶ್ನೆ ಹೊಸದಲ್ಲ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯ ಸಭೆಯ ಮೇಲ್ವಿಚಾರಕನಿಗೆ ಬೇಕಾದ ಗುಣಗಳನ್ನು ಪಟ್ಟಿ ಮಾಡುತ್ತದೆ. ಅವನು ಹಣದಾಸೆ ಇಲ್ಲದವನು, ಜಗಳಗಂಟನಲ್ಲದವನು, ಕುಡಿತಕ್ಕೆ ಬೀಳದವನು, ಅತಿಥಿಗಳನ್ನು ಆದರಿಸುವವನು, ತನ್ನ ಮನೆಯನ್ನು ನೆಟ್ಟಗೆ ನಡೆಸುವವನು ಆಗಿರಬೇಕು. ನಂಬಿಕೆಗೆ ಹೊಸಬನಾಗಿರಬಾರದು, ಇಲ್ಲದಿದ್ದರೆ ಗರ್ವ ತಲೆಗೇರೀತು. ಸಭೆಯ ಹೊರಗಿನವರೂ ಅವನನ್ನು ಒಳ್ಳೆಯವನೆನ್ನಬೇಕು. ಗಮನಿಸಬೇಕಾದ ಸಂಗತಿ ಒಂದಿದೆ. ಈ ಉದ್ದನೆಯ ಪಟ್ಟಿಯಲ್ಲಿ ಬೋಧಿಸುವ ಸಾಮರ್ಥ್ಯ ಬರುವುದು ಒಂದೇ ಕಡೆ. ಉಳಿದದ್ದೆಲ್ಲ ನಡತೆಗೆ ಸೇರಿದ್ದು. ಅಂದರೆ ಬಾಯಿಗಿಂತ ಬಾಳು ಮುಖ್ಯ.

ಇದನ್ನು ನಿಜವಾದ ಕುರಿಗಾಹಿಯಿಂದ ಕಲಿಯಬಹುದು. ಬಯಲುಸೀಮೆಯ ಕುರುಬರು ಹೆಗಲ ಮೇಲೆ ಕಂಬಳಿ ಹೊದ್ದು ಹಿಂಡಿನೊಂದಿಗೆ ಊರೂರು ಅಲೆಯುತ್ತಾರೆ. ರಾತ್ರಿ ರೈತರ ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ. ರೈತನಿಗೆ ಗೊಬ್ಬರ, ಕುರುಬನಿಗೆ ಕಾಳೋ ಕಾಸೋ. ನಮ್ಮ ಕಣ್ಣಿಗೆ ಎಲ್ಲ ಕುರಿಗಳೂ ಒಂದೇ. ಅವನಿಗೆ ಹಾಗಲ್ಲ, ಕುಂಟುವುದು ಯಾವುದು, ಮೇವು ಬಿಟ್ಟದ್ದು ಯಾವುದು ಎಂದು ದೂರದಿಂದಲೇ ತಿಳಿಯುತ್ತದೆ. ಕುರಿ ಬೇಟೆಗೆ ಸಿಕ್ಕುವ ಪ್ರಾಣಿಯಾದ್ದರಿಂದ ನೋವನ್ನು ಸುಲಭವಾಗಿ ತೋರಿಸಿಕೊಳ್ಳುವುದಿಲ್ಲ. ಕೂಗುವುದಿಲ್ಲ, ಹಿಂದೆ ಬೀಳುತ್ತದೆ ಅಷ್ಟೆ. ಹಿಂದೆ ಬಿದ್ದದ್ದನ್ನು ಕಾಣಬೇಕಾದರೆ ಕಾಯುವವನು ಆಗಾಗ ಹಿಂತಿರುಗಿ ನೋಡಬೇಕು.

ಕುರಿಯೇನೂ ದಡ್ಡ ಪ್ರಾಣಿಯಲ್ಲ. ಕುರಿಗಳು ಐವತ್ತು ಬೇರೆ ಕುರಿಗಳ ಮುಖಗಳನ್ನು ಎರಡು ವರ್ಷಕ್ಕೂ ಮಿಗಿಲಾಗಿ ನೆನಪಿಟ್ಟುಕೊಳ್ಳಬಲ್ಲವು ಎಂದು ಇಂಗ್ಲೆಂಡಿನ ವಿಜ್ಞಾನಿಗಳು 2001ರಲ್ಲಿ ತೋರಿಸಿದರು. ಕುರಿಯೇ ಇಷ್ಟು ಮುಖ ನೆನಪಿಡುವಾಗ, ಸಭೆಯ ಜನರ ಹೆಸರನ್ನು ಮರೆಯುವ ಪಾಲಕನಿಗೆ ಏನೆನ್ನೋಣ?

ಉತ್ತರ ಬೆಂಗಳೂರಿನಲ್ಲಿ ಹೆಸರು ನೆನಪಿಡುವುದು ಸುಲಭವೂ ಅಲ್ಲ. 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಜಾಲಹಳ್ಳಿಯ ಕಡೆ ತಲೆಯೆತ್ತಿದವು. ಆಮೇಲೆ ಯಲಹಂಕದಲ್ಲಿ ರೈಲು ಗಾಲಿಗಳ ಕಾರ್ಖಾನೆ ಬಂತು. ಯಶವಂತಪುರ, ಜಾಲಹಳ್ಳಿ, ಯಲಹಂಕಗಳಿಗೆ ಕೆಲಸಕ್ಕೆಂದು ತಮಿಳರು, ತೆಲುಗರು, ಮಲಯಾಳಿಗಳು, ಕೋಲಾರ, ತುಮಕೂರು ಕಡೆಯ ಕನ್ನಡಿಗರು ಬಂದು ನೆಲೆಸಿದರು. ಇಂಥ ಕಡೆ ಪಾಲಕನಿಗೆ ಒಂದೇ ಭಾಷೆ ಸಾಲದು. ಜ್ವರ ಬಂದಾಗ, ಸಾವು ಎದುರಾದಾಗ ಮನುಷ್ಯ ಅಳುವುದು ಅಮ್ಮ ಕಲಿಸಿದ ಭಾಷೆಯಲ್ಲಿ.

ನೆರೆಯವರ ಭಾಷೆಯನ್ನು ಕಷ್ಟಪಟ್ಟು ಕಲಿಯುವುದೂ ಪಾಲಕನ ಗುಣವೇ. ಈ ರಸ್ತೆ ಹೋಗಿ ಮುಟ್ಟುವ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ನೆಲೆಸಿ ಬೈಬಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಧರ್ಮಪ್ರಚಾರಕ್ಕಿಂತ ತಮ್ಮ ನಿಘಂಟಿನಿಂದಲೇ ಕನ್ನಡಿಗರಿಗೆ ಹತ್ತಿರವಾದರು. 1894ರಲ್ಲಿ ಅಚ್ಚಾದ ಆ ಕನ್ನಡ–ಇಂಗ್ಲಿಷ್ ನಿಘಂಟನ್ನು ಎಲ್ಲ ಮತದವರೂ ಬಳಸುತ್ತಾರೆ. ಹೊರಗಿನವರಿಂದಲೂ ಒಳ್ಳೆಯವನೆನಿಸಿಕೊಳ್ಳುವುದು ಎಂದರೆ ಇದೇ ಅಲ್ಲವೆ?

ಇನ್ನು ವಾರ್ಡಿಗೆ ಬರೋಣ. ಹಾಸಿಗೆಯಲ್ಲಿರುವವರು ದೊಡ್ಡಬಳ್ಳಾಪುರದ ರೈತ, ದೇವನಹಳ್ಳಿಯ ಗೃಹಿಣಿ, ಹೆಗಡೆನಗರದ ಮೇಸ್ತ್ರಿ ಯಾರೂ ಆಗಬಹುದು. ಹೆಚ್ಚಿನವರು ಕ್ರೈಸ್ತರಲ್ಲ. ಅಸಹಾಯಕನಾಗಿ ಮಲಗಿದವನ ಮುಂದೆ ತನ್ನ ಮತದ ಹೆಚ್ಚುಗಾರಿಕೆ ಹೇಳಹೊರಟರೆ ಅದು ಆರೈಕೆಯಲ್ಲ, ಅನುಕೂಲ ನೋಡಿ ಮಾಡುವ ವ್ಯಾಪಾರ. ರೋಗಿ ಕೇಳಿದರೆ ಪ್ರಾರ್ಥನೆ. ಕೇಳದಿದ್ದರೆ ಪಕ್ಕದಲ್ಲಿ ಒಂದು ಸ್ಟೂಲು, ಎರಡು ಕಿವಿ. ಮಗಳ ಮದುವೆಯ ಸಾಲ, ಮಗನ ಮೇಲಿನ ಸಿಟ್ಟು, ಆಪರೇಷನ್ನಿನ ಭಯ ಎಲ್ಲ ಅಲ್ಲಿ ಹೊರಬರುತ್ತವೆ. ಹೊರಬಂದದ್ದು ಅಲ್ಲಿಯೇ ಉಳಿಯಬೇಕು. ಗುಟ್ಟು ಕಾಯಲಾರದವನು ಮನುಷ್ಯರನ್ನು ಕಾಯಲಾರ.

ಕೇಳುವುದನ್ನೂ ಕಲಿಯಬೇಕೆಂದು ತೋರಿಸಿದವರಲ್ಲಿ ಅಮೆರಿಕದ ಆಂಟನ್ ಬಾಯ್ಸನ್ ಮುಖ್ಯರು. 1920ರಲ್ಲಿ ಮನೋರೋಗದಿಂದ ಅವರೇ ಆಸ್ಪತ್ರೆ ಸೇರಿದ್ದರು. ಚೇತರಿಸಿಕೊಂಡ ಮೇಲೆ ವುಸ್ಟರ್ ನಗರದ ಮಾನಸಿಕ ಆಸ್ಪತ್ರೆಯಲ್ಲಿ ಪಾದ್ರಿಯಾದರು. 1925ರಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆತಂದರು. ಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ನೊಂದ ಮನುಷ್ಯರನ್ನೂ ಓದಬೇಕು ಎಂಬುದು ಅವರ ನಿಲುವು. ಇದರಿಂದ ಬೆಳೆದ ತರಬೇತಿಯಲ್ಲಿ ವಿದ್ಯಾರ್ಥಿ ರೋಗಿಯೊಡನೆ ಆಡಿದ ಮಾತನ್ನು ನೆನಪಿನಿಂದ ಬರೆದು ಸಹಪಾಠಿಗಳ ಮುಂದಿಡುತ್ತಾನೆ. ಎಲ್ಲಿ ಅವಸರದಿಂದ ಉಪದೇಶಿಸಿದೆ, ಎಲ್ಲಿ ರೋಗಿಯ ಮಾತನ್ನು ಕತ್ತರಿಸಿದೆ ಎಂದು ಅವರು ತೋರಿಸುತ್ತಾರೆ. ಬಿ.ಎಡ್. ವಿದ್ಯಾರ್ಥಿಯ ಅಭ್ಯಾಸ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತವರು ವಿಮರ್ಶಿಸಿದಂತೆ! ಟೀಕೆಯನ್ನು ಸಹಿಸುವ ವಿನಯ ಇಲ್ಲದವನಿಗೆ ಈ ಪಾಠ ಹತ್ತುವುದಿಲ್ಲ.

ವಿನಯ ಮಾಯವಾದರೆ ಅಪಾಯ ದೊಡ್ಡದು. ಜನ ಪಾಲಕನನ್ನು ನಂಬಿ ಮನೆಯ ಬಾಗಿಲು ತೆರೆಯುತ್ತಾರೆ, ಕಾಣಿಕೆ ಕೊಡುತ್ತಾರೆ, ಮಕ್ಕಳನ್ನು ಒಪ್ಪಿಸುತ್ತಾರೆ. ಕುರಿ ಕಾಯಲು ತೋಳವನ್ನು ಇಟ್ಟಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದ್ದರಿಂದಲೇ ಆ ಹಳೆಯ ಪಟ್ಟಿ ಹಣದಾಸೆಯನ್ನೂ ಗರ್ವವನ್ನೂ ಅಷ್ಟು ಕಟುವಾಗಿ ಎಚ್ಚರಿಸಿತು. ಪಾಲಕ ಒಳ್ಳೆಯವನಾದರೂ ಲೆಕ್ಕ ಕೇಳುವವರು ಸಭೆಯಲ್ಲಿರಬೇಕು. ಲೆಕ್ಕ ಕೊಡಲು ಬೇಸರಿಸದಿರುವುದೂ ಒಳ್ಳೆಯತನದ ಗುರುತೇ.

2020ರ ಲಾಕ್‌ಡೌನಿನಲ್ಲಿ ಈ ಗುಣಗಳಿಗೆಲ್ಲ ಪರೀಕ್ಷೆ ಬಂತು. ಚರ್ಚುಗಳ ಬಾಗಿಲು ಮುಚ್ಚಿತು, ಶವಸಂಸ್ಕಾರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರುವಂತಿರಲಿಲ್ಲ. ವೇದಿಕೆ ಇಲ್ಲ, ಗಾನವೃಂದ ಇಲ್ಲ, ಕೇಳುವ ಜನಸ್ತೋಮ ಇಲ್ಲ. ವಾಗ್ಮಿಗೆ ಮಾಡಲು ಏನೂ ಉಳಿಯಲಿಲ್ಲ. ಪಾಲಕನಿಗೆ ಕೆಲಸ ಹೆಚ್ಚಿತು. ಒಂಟಿಯಾಗಿದ್ದ ವೃದ್ಧರಿಗೆ ಫೋನು ಮಾಡಬೇಕಿತ್ತು, ಸತ್ತವರ ಮನೆಯವರ ಜೊತೆ ನಿಲ್ಲಬೇಕಿತ್ತು.

ಬಳ್ಳಾರಿ ರಸ್ತೆಯ ವಾಹನಗಳಿಗೆ ಹಿಂತಿರುಗಿ ನೋಡುವ ವ್ಯವಧಾನವಿಲ್ಲ. ಅವುಗಳ ಕೆಲಸ ಮುಂದೆ ಹೋಗುವುದು. ಕಾಯುವವರ ಕೆಲಸ ಬೇರೆ. ಹಿಂಡಿನಲ್ಲಿ ಹಿಂದುಳಿದದ್ದು ಯಾವುದೆಂದು ಕಂಡು ಅದರ ಹೆಜ್ಜೆಗೆ ತನ್ನ ಹೆಜ್ಜೆ ಹಾಕುವವನೇ ಒಳ್ಳೆಯ ಕುರಿಗಾಹಿ. ಸಭಾಪಾಲಕನನ್ನು ಅಳೆಯಲು ಇದಕ್ಕಿಂತ ನೇರವಾದ ಅಳತೆಗೋಲು ಬೇಕಿಲ್ಲ.