ಎಂಜಲಿನಿಂದ ಶುರುವಾಗುವ ಪಾಠ

ಬಯೋಕೆಮಿಸ್ಟ್ರಿ ಓದುವ ಹುಡುಗಿ ಮದುವೆಮನೆಯ ಪಂಕ್ತಿಯಲ್ಲಿ ಕೂತರೆ ಎರಡು ಪ್ರಶ್ನೆ ಅವಳಿಗೆ ತಪ್ಪಿದ್ದಲ್ಲ. ಎಲೆಗೆ ಕೋಸಂಬರಿ ಬೀಳುವ ಹೊತ್ತಿಗೆ ಪಕ್ಕದಲ್ಲಿ ಕೂತ ದೊಡ್ಡಮ್ಮ, “ಮೆಡಿಕಲ್ ಸೀಟು ಸಿಗಲಿಲ್ವೇನೇ?” ಅನ್ನುತ್ತಾರೆ. ಅನ್ನ ಸಾರು ಬರುವಷ್ಟರಲ್ಲಿ, “ಹಾಗಾದ್ರೆ ಮುಂದೆ ಬ್ಲಡ್ ಟೆಸ್ಟ್ ಮಾಡೋ ಕಡೆ ಕೆಲ್ಸ ಅನ್ನು” ಅಂತ ಇನ್ನೊಂದು ಕೇಳಿ, ಉತ್ತರವನ್ನೂ ತಾವೇ ಕೊಟ್ಟಿರುತ್ತಾರೆ. ಅವರದು ಕಾಳಜಿಯ ಮಾತೇ. ಪ್ರಶ್ನೆಗಳಲ್ಲಿ ಸತ್ಯವೂ ಇದೆ. ಬಿ.ಎಸ್ಸಿ. ಮೊದಲ ವರ್ಷದ ತರಗತಿಯಲ್ಲಿ ನೀಟ್ ಬರೆದು ಸೀಟು ಸಿಗದೆ ಬಂದವರು ಪ್ರತಿವರ್ಷ ಇದ್ದೇ ಇರುತ್ತಾರೆ. ಮೊದಲ ತಿಂಗಳು ಅವರ ಮುಖ ನೋಡಿದರೆ ಸಂಕಟವಾಗುತ್ತದೆ. ಎಲ್ಲೋ ಹೊರಟವರು ದಾರಿಯಲ್ಲಿ ಇಳಿದುಬಿಟ್ಟೆವು ಅನ್ನುವ ಭಾವ. ನಾನು ಈ ವಿಷಯ ಓದಿದ್ದು ಮೈಸೂರಿನಲ್ಲಿ, ಈಗ ಪಾಠ ಮಾಡುತ್ತಿರುವುದೂ ಅದೇ ಊರಿನಲ್ಲಿ. ಆ ಮುಖಗಳು ಯಾವಾಗ ಬದಲಾಗುತ್ತವೆ ಅನ್ನುವುದನ್ನು ನೋಡುತ್ತಲೇ ಬಂದಿದ್ದೇನೆ. ಪಾಠ ಕೇಳಿ ಬದಲಾದವರು ಕಡಿಮೆ. ಲ್ಯಾಬಿಗೆ ಕಾಲಿಟ್ಟ ಮೇಲೆ ಬದಲಾದವರೇ ಹೆಚ್ಚು.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಕುವೆಂಪು ಕುಲಪತಿಗಳಾಗಿದ್ದಾಗ ರೂಪುಗೊಂಡು ಅವರಿಂದಲೇ ಹೆಸರು ಪಡೆದ ಮಾನಸಗಂಗೋತ್ರಿಯ ಮರಗಳ ಕೆಳಗೆ ಓಡಾಡಿದವರಿಗೆಲ್ಲ ಅದರ ಮೇಲೆ ಒಂದು ಮಮಕಾರ ಇದ್ದೇ ಇರುತ್ತದೆ. ಆದರೆ ಪದವಿಗೆ ಸೇರಿದ ಹೊಸ ಮಗುವಿಗೆ ಇಷ್ಟು ದೊಡ್ಡ ವಿಶ್ವವಿದ್ಯಾನಿಲಯ ಮೊದಲು ಕಾಣಿಸುವುದು ರಿಜಿಸ್ಟರ್ ನಂಬರಿನ ರೂಪದಲ್ಲಿ. ಊರೂರಿನ ಕಾಲೇಜುಗಳಿಗೆಲ್ಲ ಒಂದೇ ಸಿಲಬಸ್, ಒಂದೇ ದಿನ ಪರೀಕ್ಷೆ, ಒಂದೇ ಪ್ರಶ್ನೆಪತ್ರಿಕೆ. ಭಾಷಾ ತರಗತಿಗೆ ಎಲ್ಲ ಸೆಕ್ಷನ್ ಸೇರಿಸಿ ಕೂರಿಸಿದಾಗ ಹಿಂದಿನ ಬೆಂಚಿನವರಿಗೆ ಮೇಷ್ಟ್ರ ಮುಖವೇ ಸರಿಯಾಗಿ ಕಾಣದು. ಇಂಥ ಗುಂಪಿನೊಳಗೆ ಹೆಸರು ಹಿಡಿದು ಕರೆಯುವ ಜಾಗ ಒಂದೇ, ಲ್ಯಾಬ್. ಅಲ್ಲಿ ಬ್ಯಾಚು ಸಣ್ಣದು. ಯಾರ ಕೈ ನಡುಗುತ್ತದೆ, ಯಾರು ಪಿಪೆಟ್ ಹಿಡಿಯುವುದರಲ್ಲಿ ಚುರುಕು, ಯಾರು ರೀಡಿಂಗ್ ಬರೆಯುವಾಗ ಪಕ್ಕದ ರೆಕಾರ್ಡ್ ನೋಡುತ್ತಾರೆ, ಎಲ್ಲವೂ ಒಂದೇ ವಾರದಲ್ಲಿ ಗೊತ್ತಾಗಿಬಿಡುತ್ತದೆ.

ಆ ಲ್ಯಾಬಿನ ಪಾಠ ಶುರುವಾಗುವುದು ಎಂಜಲಿನಿಂದ. ಸಲೈವರಿ ಅಮೈಲೇಸ್ ಪ್ರಯೋಗ ಅಂದರೆ ಇದೇ. ಬಾಯಿ ಮುಕ್ಕಳಿಸಿ, ಸ್ವಲ್ಪ ಡಿಸ್ಟಿಲ್ಡ್ ವಾಟರ್ ಬಾಯಲ್ಲಿಟ್ಟುಕೊಂಡು ಆಡಿಸಿ, ಬೀಕರಿಗೆ ಉಗುಳಬೇಕು. ಮೊದಲ ಸಲ ಎಲ್ಲರೂ ಗೋಡೆಯ ಕಡೆ ತಿರುಗುತ್ತಾರೆ. ರುಚಿ ನೋಡಿದ ಸೌಟು ಮತ್ತೆ ಪಾತ್ರೆಗೆ ತಾಕಿದರೆ ಇಡೀ ಹುಳಿಯೇ ಎಂಜಲಾಯಿತು ಅನ್ನುವ ಮನೆಗಳಿಂದ ಬಂದ ಮಕ್ಕಳು. ಅವರ ಕೈಗೆ ಅವರದೇ ಎಂಜಲನ್ನು ಕೊಟ್ಟು, ಇದೇ ಈವತ್ತಿನ ಎನ್‌ಜೈಮ್, ಹತ್ತಿಯಲ್ಲಿ ಸೋಸಿ ಅಳತೆ ಮಾಡಿ ಅನ್ನುತ್ತೇವೆ.

ಆಮೇಲಿನದು ನೋಡಬೇಕು. ಪಿಷ್ಟದ ದ್ರಾವಣವನ್ನು 37 ಡಿಗ್ರಿಯ ನೀರಿನಲ್ಲಿಟ್ಟು ಎಂಜಲು ಬೆರೆಸುತ್ತಾರೆ. ಗುಳಿಗಳಿರುವ ಬಿಳಿ ಪಿಂಗಾಣಿ ತಟ್ಟೆಯಲ್ಲಿ ಒಂದೊಂದು ಗುಳಿಗೂ ಒಂದೊಂದು ಹನಿ ಅಯೋಡಿನ್ ಮೊದಲೇ ಬಿಟ್ಟಿರುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಗಾಜಿನ ಕಡ್ಡಿಯಲ್ಲಿ ದ್ರಾವಣದ ಒಂದು ಹನಿ ತೆಗೆದು ಮುಂದಿನ ಗುಳಿಗೆ ತಾಗಿಸಬೇಕು. ಮೊದಲ ಗುಳಿ ಕಡುನೀಲಿ. ಮೂರನೆಯದೋ ನಾಲ್ಕನೆಯದೋ ನೇರಳೆಗೆ ತಿರುಗುತ್ತದೆ. ಆಮೇಲೆ ಕೆಂಪುಮಿಶ್ರಿತ ಕಂದು. ಕೊನೆಗೊಂದು ಗುಳಿಯಲ್ಲಿ ಏನೂ ಆಗುವುದಿಲ್ಲ, ಅಯೋಡಿನ್ ತನ್ನ ಹಳದಿಯಲ್ಲೇ ಉಳಿಯುತ್ತದೆ. ಪಿಷ್ಟದ ಉದ್ದನೆಯ ಸುರುಳಿಯೊಳಗೆ ಅಯೋಡಿನ್ ಹೊಕ್ಕು ಕೂತರೆ ನೀಲಿ. ಅಮೈಲೇಸ್ ಆ ಸುರುಳಿಯನ್ನು ಕತ್ತರಿಸುತ್ತಾ ಹೋದಂತೆ ಕೂರಲು ಜಾಗವಿಲ್ಲ, ಬಣ್ಣವೂ ಇಲ್ಲ. ಸಾಲಾಗಿ ಬಣ್ಣ ಕಳೆದುಕೊಂಡ ಆ ಗುಳಿಗಳನ್ನು ನೋಡಿದ ಮಕ್ಕಳಿಗೆ ಎನ್‌ಜೈಮ್ ಎಂದರೇನು ಎಂದು ಮತ್ತೆ ವ್ಯಾಖ್ಯೆ ಹೇಳಬೇಕಾಗಿಲ್ಲ. ಅದೇ ಎಂಜಲನ್ನು ಕುದಿಸಿ ಹಾಕಿದರೆ ಗುಳಿಗಳೆಲ್ಲ ಕೊನೆತನಕ ನೀಲಿ. ಕುದಿಸಿದಾಗ ಪ್ರೊಟೀನಿನ ಆಕಾರ ಕೆಡುತ್ತದೆ, ಆಕಾರ ಕೆಟ್ಟರೆ ಕೆಲಸವೂ ಕೆಡುತ್ತದೆ. ಜೀವರಸಾಯನದ ಅರ್ಧ ಪಠ್ಯ ಆ ಎರಡು ತಟ್ಟೆಗಳಲ್ಲೇ ಇದೆ.

ಒಂದು ಸಲ ಒಬ್ಬ ಹುಡುಗಿ ತನ್ನ ಅಕ್ಕನ ಮಗುವಿನ ವಿಷಯ ತೆಗೆದಳು. ರಾಗಿ ಸರಿ ತಿನ್ನಿಸಲು ಕೂತರೆ ಶುರುವಿನಲ್ಲಿ ಗಟ್ಟಿಯಾಗಿದ್ದದ್ದು ಬಟ್ಟಲು ಮುಗಿಯುವಷ್ಟರಲ್ಲಿ ನೀರು ನೀರಾಗಿಬಿಡುತ್ತದೆ, ಅದು ಯಾಕೆ ಮೇಡಂ ಅಂದಳು. ಮಗುವಿನ ಬಾಯಿಗೆ ಹೋದ ಚಮಚ ಮತ್ತೆ ಮತ್ತೆ ಬಟ್ಟಲಿಗೆ ಬರುತ್ತದಲ್ಲ, ಅದರ ಜೊತೆ ಅಮೈಲೇಸೂ ಬರುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಅವಳ ಬ್ಯಾಚಿನವರು ಉತ್ತರ ಹೇಳಿಬಿಟ್ಟರು. ಆ ದಿನದ ಮಟ್ಟಿಗೆ ನನ್ನ ಪಾಠದ ಅಗತ್ಯವೇ ಇರಲಿಲ್ಲ.

ಇನ್ನೊಂದು ಮಾತು. ಒಂದೇ ಬ್ಯಾಚಿನಲ್ಲಿ ಒಬ್ಬೊಬ್ಬರ ಎಂಜಲು ಒಂದೊಂದು ಹೊತ್ತಿಗೆ ಕೆಲಸ ಮುಗಿಸುತ್ತದೆ. ಪಕ್ಕದವಳದು ಬೇಗ ಆಯಿತು, ನನ್ನದೇ ತಪ್ಪಾಯಿತೇನೋ ಎಂದು ಮಕ್ಕಳು ರೀಡಿಂಗ್ ತಿದ್ದಲು ಹೋಗುತ್ತಾರೆ. ತಿದ್ದಬಾರದು. ಈ ಅಮೈಲೇಸಿನ ಜೀನ್ ಎಲ್ಲರಲ್ಲೂ ಒಂದೇ ಸಂಖ್ಯೆಯಲ್ಲಿ ಇರುವುದಿಲ್ಲ. ಕೆಲವರಲ್ಲಿ ಎರಡು ಪ್ರತಿ, ಕೆಲವರಲ್ಲಿ ಹತ್ತರ ಆಸುಪಾಸು. ತಲೆಮಾರುಗಳಿಂದ ಪಿಷ್ಟ ಹೆಚ್ಚು ತಿಂದ ಜನಸಮುದಾಯಗಳಲ್ಲಿ ಸರಾಸರಿ ಪ್ರತಿಗಳು ಹೆಚ್ಚು ಎಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ತಟ್ಟೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಎಂಜಲನ್ನು ಎಷ್ಟು ತೆಳುಮಾಡಿದೆವು ಅನ್ನುವುದೂ ಕಾರಣ ಇರಬಹುದು, ನಿಜ. ಆದರೆ ಬಂದದ್ದನ್ನು ಬಂದ ಹಾಗೆ ಬರೆಯುವ ಅಭ್ಯಾಸ ಹುಟ್ಟಬೇಕಾದದ್ದು ಇಲ್ಲೇ.

ಹುರುಳಿಕಾಳಿನ ಯೂರಿಯೇಸ್ ಕೂಡ ಇಂಥದ್ದೇ. ಮನೆಯಲ್ಲಿ ಸಾರು ಮಾಡುವ ಅದೇ ಹುರುಳಿಯ ಹಿಟ್ಟನ್ನು ನೀರಿನಲ್ಲಿ ಕಲಸಿ ಸೋಸಿ ಯೂರಿಯಾಗೆ ಹಾಕಿದರೆ ಅಮೋನಿಯಾ ಬರುತ್ತದೆ, ಫೀನಾಲ್ ರೆಡ್ ಗುಲಾಬಿಗೆ ತಿರುಗುತ್ತದೆ. ಎನ್‌ಜೈಮ್ ಎಂಬುದು ಪ್ರೊಟೀನ್ ಎಂದು ಜೇಮ್ಸ್ ಸಮ್ನರ್ ತೋರಿಸಿದ್ದು ಇದೇ ಯೂರಿಯೇಸನ್ನು 1926ರಲ್ಲಿ ಹರಳಾಗಿಸಿ. ಅವರು ಬಳಸಿದ್ದು ಜ್ಯಾಕ್ ಬೀನ್ ಎಂಬ ಇನ್ನೊಂದು ಜಾತಿಯ ಕಾಳು. ಬಹಳ ಜನ ನಂಬಲಿಲ್ಲ. ನೊಬೆಲ್ ಬಂದದ್ದು 1946ರಲ್ಲಿ.

ನಂಬದವರ ಮಾತು ಬಂತು, ಸುಬ್ಬರಾವ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಫಾಸ್ಫರಸ್ ಅಳೆಯುವ ಪ್ರಯೋಗಕ್ಕೆ ನಮ್ಮ ಮ್ಯಾನ್ಯುವಲ್‌ಗಳಲ್ಲಿ ಫಿಸ್ಕೆ–ಸುಬ್ಬರಾವ್ ವಿಧಾನ ಅಂತ ಹೆಸರು. ಅಮೋನಿಯಂ ಮಾಲಿಬ್ಡೇಟ್ ಹಾಕಿ, ಅನ್ಸಾ ಎಂಬ ರಾಸಾಯನಿಕ ಹಾಕಿ ಕಾದರೆ ಪರೀಕ್ಷಾನಳಿಗೆಗಳಲ್ಲಿ ನೀಲಿ ಏರುತ್ತದೆ. ತಿಳಿನೀಲಿಯಿಂದ ಕಡುನೀಲಿಯವರೆಗೆ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಆ ನಳಿಗೆಗಳು ಇಡೀ ಲ್ಯಾಬಿನಲ್ಲೇ ಚಂದದ ನೋಟ. ಮಕ್ಕಳು ಕಲರಿಮೀಟರಿನಲ್ಲಿ 660 ನ್ಯಾನೋಮೀಟರಿಗೆ ಫಿಲ್ಟರ್ ಇಟ್ಟು ರೀಡಿಂಗ್ ತೆಗೆದುಕೊಂಡು ಗ್ರಾಫ್ ಹಾಕಿ ಹೊರಟುಬಿಡುತ್ತಾರೆ. ನಾನು ಬಿಡುವುದಿಲ್ಲ, ಐದು ನಿಮಿಷ ಕೂರಿಸುತ್ತೇನೆ. ಈ ಸುಬ್ಬರಾವ್ ಯಾರು ಗೊತ್ತಾ?

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ಆಂಧ್ರದ ಭೀಮಾವರದಲ್ಲಿ. ಇಬ್ಬರು ಸೋದರರನ್ನು ಸ್ಪ್ರೂ ಎಂಬ ಹೊಟ್ಟೆಯ ಕಾಯಿಲೆಗೆ ಕಳೆದುಕೊಂಡವರು. ಮದ್ರಾಸಿನಲ್ಲಿ ವೈದ್ಯಕೀಯ ಓದುವಾಗ ಖಾದಿ ತೊಟ್ಟದ್ದಕ್ಕೆ ಪ್ರಾಧ್ಯಾಪಕರೊಬ್ಬರ ಸಿಟ್ಟಿಗೆ ಗುರಿಯಾಗಿ, ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸರ್ಟಿಫಿಕೇಟ್ ಹಿಡಿದು ಹೊರಬಂದರು. ಹಾರ್ವರ್ಡ್ ಸೇರಿ ಸೈರಸ್ ಫಿಸ್ಕೆ ಜೊತೆ ಈ ನೀಲಿಯ ವಿಧಾನವನ್ನು ಪ್ರಕಟಿಸಿದ್ದು 1925ರಲ್ಲಿ. ಅದೇ ಅಳತೆಯ ಬಲದಿಂದ ಸ್ನಾಯುವಿನೊಳಗಿನ ಫಾಸ್ಫೋಕ್ರಿಯಾಟಿನ್ ಸಿಕ್ಕಿತು, 1929ರಲ್ಲಿ ಎಟಿಪಿ ಸಿಕ್ಕಿತು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಎಟಿಪಿಯನ್ನು ಕಂಡರು. ಪಿಯುಸಿಯಿಂದ ಹಿಡಿದು ಪಿಎಚ್.ಡಿ.ವರೆಗೆ ನಾವು ಎಟಿಪಿ ಎಟಿಪಿ ಅನ್ನುತ್ತೇವಲ್ಲ, ಅದು. ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಲೆಡರ್ಲಿ ಔಷಧ ಸಂಸ್ಥೆಗೆ ಹೋದರು. ಅಲ್ಲಿ ಅವರ ತಂಡ ಫೋಲಿಕ್ ಆಮ್ಲ ತಯಾರಿಸಿತು, ಅದು ಸ್ಪ್ರೂಗೂ ಮದ್ದಾಯಿತು. ಕ್ಯಾನ್ಸರಿಗೆ ಕೊಡುವ ಮೆಥೊಟ್ರೆಕ್ಸೇಟ್ ಅದೇ ದಾರಿಯಲ್ಲಿ ಬಂತು. ಕಲಬುರಗಿ, ಬೀದರ್ ಕಡೆ ಆನೆಕಾಲು ರೋಗ ತಡೆಯಲು ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ನುಂಗಿಸುವ ಡಿಇಸಿ ಮಾತ್ರೆಯೂ ಅವರ ತಂಡದ್ದೇ. 1948ರಲ್ಲಿ, ಐವತ್ತಮೂರನೇ ವಯಸ್ಸಿಗೆ ತೀರಿಕೊಂಡರು. ಮೆಡಿಕಲ್ ಸೀಟು ತಪ್ಪಿತು ಎಂದು ಕುಗ್ಗಿ ಬಂದ ಮಕ್ಕಳಿಗೆ ನಾನು ಇದಕ್ಕಿಂತ ಬೇರೆ ಸಮಾಧಾನ ಹೇಳುವುದಿಲ್ಲ.

ಬಾಯಿಪಾಠದ ವಿಷಯಕ್ಕೆ ಬರೋಣ. ಗ್ಲೈಕಾಲಿಸಿಸ್ ಹತ್ತು ಹಂತ, ಕ್ರೆಬ್ಸ್ ಚಕ್ರ ಎಂಟು ಹಂತ, ಒಂದೊಂದು ಹಂತಕ್ಕೂ ಒಂದು ಎನ್‌ಜೈಮ್. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನ ವರಾಂಡದಲ್ಲಿ ಇದನ್ನು ಗಟ್ಟಿಯಾಗಿ ಹೇಳಿಕೊಂಡು ಓಡಾಡದ ವಿದ್ಯಾರ್ಥಿ ಇಲ್ಲ. ಬಾಯಿಪಾಠವನ್ನು ಬೈಯುವುದು ಈಗ ರೂಢಿಯಾಗಿದೆ, ನಾನು ಬೈಯುವುದಿಲ್ಲ. ಮಗ್ಗಿ ಬಾರದವರಿಗೆ ಲೆಕ್ಕ ಸುಲಭವಾಗುವುದಿಲ್ಲ. ಆದರೆ ಹೆಸರುಗಳ ಹಿಂದೆ ಒಂದು ವಸ್ತು ನಿಂತಿರಬೇಕು. ಒಂಬತ್ತನೇ ಹಂತದ ಇನೊಲೇಸ್ ಬಂದಾಗ ನಾನು ಒಂದು ಖಾಲಿ ಕೊಳವೆ ತೋರಿಸುತ್ತೇನೆ, ಬೂದುಬಣ್ಣದ ಮುಚ್ಚಳದ್ದು. ಶುಗರ್ ಟೆಸ್ಟಿಗೆ ರಕ್ತ ತೆಗೆದು ತುಂಬುವುದು ಅದರಲ್ಲೇ. ದೇಹದಿಂದ ಹೊರಬಂದ ರಕ್ತದಲ್ಲೂ ಜೀವಕೋಶಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಹಾಗೇ ಬಿಟ್ಟರೆ ರಿಪೋರ್ಟಿನಲ್ಲಿ ಸಕ್ಕರೆ ಇರುವುದಕ್ಕಿಂತ ಕಡಿಮೆ ಬರುತ್ತದೆ. ಆ ಕೊಳವೆಯ ಒಳಗೋಡೆಗೆ ಸೋಡಿಯಂ ಫ್ಲೋರೈಡ್ ಲೇಪಿಸಿರುತ್ತಾರೆ. ಅದು ಹಿಡಿದು ನಿಲ್ಲಿಸುವುದು ಇದೇ ಇನೊಲೇಸನ್ನು. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಅಜ್ಜಿಯೋ ಅಪ್ಪನೋ ಇಲ್ಲದ ಮಗು ಈಗ ಅಪರೂಪ. ಬೂದು ಮುಚ್ಚಳ ಕಂಡವರು ಒಂಬತ್ತನೇ ಹಂತವನ್ನು ಮರೆಯುವುದಿಲ್ಲ.

ಕೆಲಸದ ಪ್ರಶ್ನೆಯನ್ನೂ ತಪ್ಪಿಸಿಕೊಳ್ಳಬಾರದು. ಬರೀ ಬಿ.ಎಸ್ಸಿ.ಗೆ ಸಿಗುವ ಕೆಲಸ ಸಣ್ಣದು: ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗ, ಆಹಾರ ಕಂಪನಿಯ ಲ್ಯಾಬ್, ಇಂಥವು. ಮುಂದಕ್ಕೆ ಹೋಗಬೇಕಾದರೆ ಎಂ.ಎಸ್ಸಿ. ಬೇಕೇ ಬೇಕು. ಇದನ್ನು ಮೊದಲ ವರ್ಷವೇ ಮಕ್ಕಳಿಗೂ ಮನೆಯವರಿಗೂ ಹೇಳಿಬಿಡುವುದು ಒಳ್ಳೆಯದು. ಹಾಗೆಂದು ಇದು ಬರಡು ವಿಷಯವೇನಲ್ಲ. ಬೆಂಗಳೂರಿನ ಬಯೋಕಾನ್ 1978ರಲ್ಲಿ ಶುರುವಾದದ್ದು ಪರಂಗಿಕಾಯಿಯಿಂದ ಪಪೇನ್ ಎಂಬ ಎನ್‌ಜೈಮ್ ತೆಗೆದು ಮಾರುತ್ತಾ. ಮೈಸೂರಿನ ಮಕ್ಕಳಿಗಂತೂ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಿಂದ ಇರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಎಮ್ಮೆ ಹಾಲಿನಿಂದ ಹಸುಗೂಸುಗಳ ಆಹಾರ ಮಾಡುವುದು ಆಗದ ಕೆಲಸ ಅನ್ನುತ್ತಿದ್ದ ಕಾಲದಲ್ಲಿ ಮಾಡಿ ತೋರಿಸಿ ಅಮುಲ್‌ಗೆ ಕೊಟ್ಟದ್ದು ಆ ಸಂಸ್ಥೆ. ಹಾಲಿಗೆ ಆಮ್ಲ ಬಿಟ್ಟು ಪಿಎಚ್ 4.6ಕ್ಕೆ ತಂದು ಕೇಸೀನ್ ಬೇರ್ಪಡಿಸುವ ದಿನ ಈ ಕತೆಯನ್ನೂ ಹೇಳುತ್ತೇನೆ.

ಈಗ ನನ್ನ ಲ್ಯಾಬಿನಲ್ಲಿ ಹುಡುಗಿಯರೇ ಹೆಚ್ಚು. ಅವರಿಗೆ ಕಮಲಾ ಸೊಹೋನಿ ಹೆಸರು ಗೊತ್ತಿರಬೇಕು ಎಂಬುದು ನನ್ನ ಹಟ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಜೀವರಸಾಯನ ವಿಭಾಗ 1921ರಿಂದಲೇ ಇತ್ತು. ಬಾಂಬೆಯಲ್ಲಿ ಬಿ.ಎಸ್ಸಿ. ಮುಗಿಸಿ 1933ರಲ್ಲಿ ಇಲ್ಲಿಗೆ ಬಂದ ಆಕೆಗೆ, ಹೆಣ್ಣು ಅನ್ನುವ ಕಾರಣಕ್ಕೆ, ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಸೀಟು ಕೊಡಲಿಲ್ಲ. ಆಕೆ ಊರಿಗೆ ವಾಪಸು ಹೋಗಲಿಲ್ಲ. ಕೊನೆಗೆ ಒಂದು ವರ್ಷದ ಪರೀಕ್ಷಾರ್ಥ ಷರತ್ತಿನ ಮೇಲೆ ಒಳಗೆ ಬಿಟ್ಟರು. ಅಲ್ಲಿನ ಅಧ್ಯಾಪಕ ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೊಟೀನಿನ ಮೇಲೆ ಆಕೆ ಮಾಡಿದ ಕೆಲಸ ನೋಡಿದ ಮೇಲೆ ರಾಮನ್ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದರು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಬಾಗಿಲು ತೆರೆಸಿದ್ದೂ ಲ್ಯಾಬಿನಲ್ಲಿ ಮಾಡಿದ ಕೆಲಸವೇ.

ಅದಕ್ಕೇ ನನಗೆ ಕಳವಳ. ನಾನು ಕಂಡ ಕೆಲವು ಕಡೆ ಪ್ರಾಕ್ಟಿಕಲ್ ಅಂದರೆ ಮೇಷ್ಟ್ರು ಮಾಡಿ ತೋರಿಸುವುದು, ಮಕ್ಕಳು ಸುತ್ತ ನಿಂತು ರೀಡಿಂಗ್ ಬರೆದುಕೊಳ್ಳುವುದು ಎಂದಾಗಿಬಿಟ್ಟಿದೆ. ಕೆಮಿಕಲ್ ಮುಗಿದಿದೆ, ಕಲರಿಮೀಟರ್ ಕೆಟ್ಟಿದೆ, ಅತಿಥಿ ಉಪನ್ಯಾಸಕರ ನೇಮಕ ತಡವಾಗಿದೆ. ಕಾರಣಗಳು ನಿಜವೇ ಇರಬಹುದು. ಆದರೂ ಮೂರು ವರ್ಷದಲ್ಲಿ ಒಮ್ಮೆಯೂ ಒಬ್ಬಳೇ ಒಂದು ಪ್ರಯೋಗ ಮುಗಿಸದೆ ಪದವಿ ಪಡೆದ ಹುಡುಗಿಗೆ ಆದದ್ದು ಅನ್ಯಾಯ. ಪ್ರಶ್ನೆಪತ್ರಿಕೆ ಎಷ್ಟೇ ಚೆನ್ನಾಗಿದ್ದರೂ ಅದು ಸರಿಹೋಗದು.

ಮಗಳಿಗೋ ಮಗನಿಗೋ ಈ ವಿಷಯ ಕೊಡಿಸುವ ಯೋಚನೆ ಇದ್ದವರಲ್ಲಿ ನನ್ನ ವಿನಂತಿ ಇಷ್ಟೆ. ಫೀಸು ಕಟ್ಟುವ ಮೊದಲು, ಲ್ಯಾಬ್ ತೋರಿಸಿ ಎಂದು ಕೇಳಿ. ಬೆಂಚಿಗೆ ಎಷ್ಟು ಜನ ನಿಲ್ಲುತ್ತಾರೆ, ಒಬ್ಬೊಬ್ಬರಿಗೂ ಪಿಪೆಟ್ ಕೊಡುತ್ತಾರೋ ಇಲ್ಲವೋ, ಕಲರಿಮೀಟರಿನ ಸೂಜಿ ಅಲ್ಲಾಡುತ್ತದೋ ನೋಡಿ. ಅಲ್ಲಿ ಓದುತ್ತಿರುವ ಮಕ್ಕಳನ್ನು ಕರೆದು, ಹೋದ ವಾರ ಯಾವ ಪ್ರಯೋಗ ಮಾಡಿದಿರಮ್ಮಾ ಎಂದು ಕೇಳಿ. ತೋರಿಸಲು ಹಿಂದೇಟು ಹಾಕಿದರೆ ಬೇರೆ ಕಾಲೇಜು ನೋಡಿ.